ಚಾವಣಿಯ ಕೆಳಗೆ ಒಂದು ಪ್ರಶ್ನೆ

ಕುಸಿದ ಚಾವಣಿಯ ಕೆಳಗೆ ಇತಿಹಾಸದ ಮಾಸ್ತರರ ಕಾಲು ಸಿಕ್ಕಿಕೊಂಡಿತ್ತು. ಹೊರಗೆ ಕಬ್ಬಿಣ ಕತ್ತರಿಸುತ್ತಿದ್ದರು. ಅಗ್ನಿಶಾಮಕ ದಳದವನೊಬ್ಬ ಸಂದಿಯೊಳಗೆ ತೆವಳಿ ಬಂದು ಅವರ ಕೈ ಹಿಡಿದಿದ್ದ.

“ಕಣ್ಣು ಮುಚ್ಚಬ್ಯಾಡ್ರಿ ಸರ. ಏನಾರ ಪ್ರಶ್ನೆ ಕೇಳ್ರಿ.”

“ಹುಟ್ಟಿದ್ದು ಆಗಸ್ಟ್ ಹದಿನೈದು. ಗಲ್ಲಿಗೇರಿದ್ದು ಜನವರಿ ಇಪ್ಪತ್ತಾರು. ಯಾರು ಹೇಳು?”

“ಟಿಪ್ಪು ಸುಲ್ತಾನ ಏನ್ರಿ?”

“ಅಲ್ಲೋ ತಮ್ಮಾ. ಕಿತ್ತೂರ ರಾಣಿ ಬಂಟ.”

“ಮದಕರಿ ನಾಯಕ?”

ಮಾಸ್ತರರಿಗೆ ಸಿಟ್ಟು ಬಂತು. ನಂದಗಡದ ಆಲದಮರದವರೆಗೂ ಸುಳಿವು ಕೊಟ್ಟರು. ಅವನು ಎರಡು ತಾಸು ತಪ್ಪನ್ನೇ ಹೇಳಿದ.

ಕೊನೆಗೆ ಸ್ಟ್ರೆಚರ್ ಮೇಲೆ ಮಲಗಿಸಿದಾಗಲೂ ಅವರು ಗದರಿದರು. “ಈ ಸೀಮ್ಯಾಗ ಹುಟ್ಟಿ ಸಂಗೊಳ್ಳಿ ರಾಯಣ್ಣ ಗೊತ್ತಿಲ್ಲೇನೋ ನಿನಗ?”

“ಉತ್ತರ ಹೇಳಿಬಿಟ್ಟಿದ್ರ ನೀವು ನಿದ್ದಿಗೆ ಜಾರ್ತಿದ್ರಿ ಸರ,” ಎಂದ ಅವನು. “ನಮ್ಮೂರ ಸಂಗೊಳ್ಳಿ ರೀ.”