ಖಾಲಿಯಾದ ಜಾಗ

ಗಾರ್ಮೆಂಟ್ಸ್ ಫ್ಯಾಕ್ಟರಿ ಕೆಲಸದಿಂದ ತೆಗೆದ ಮೇಲೆ ಸುಗುಣಾ ಹತ್ತಾರು ಗೇಟುಗಳ ಮುಂದೆ ನಿಂತು ಬರಿಗೈಯಲ್ಲಿ ವಾಪಸಾಗಿದ್ದಳು. ಪಕ್ಕದ ಮನೆಯ ಮುಬೀನಕ್ಕ ಮಾತ್ರ ಸಂಜೆ ತನ್ನ ಕೆಲಸ ಮುಗಿಸಿ ಬಂದವಳೇ ಬಾಗಿಲಲ್ಲಿ ಇಣುಕಿ, "ಸಿಗ್ತೈತೆ ಕಣೆ, ಕೈ ಚೆಲ್ಲಬೇಡ" ಎನ್ನುತ್ತಿದ್ದಳು. ಆ ಮಾತಿನ ಬಲದ ಮೇಲೆ ಸುಗುಣಾ ಮರುದಿನ ಮತ್ತೆ ಹೊರಡುತ್ತಿದ್ದಳು.

ಒಂದು ಸಂಜೆ ಮುಬೀನಕ್ಕ ಒಳಗೇ ಬಂದು ಕೂತಳು.

"ನಮ್ ಫ್ಯಾಕ್ಟರೀಲಿ ಬಟ್ಟೆ ಚೆಕ್ ಮಾಡಕ್ಕೆ ಒಬ್ರು ಬೇಕಂತೆ. ಬೆಳಿಗ್ಗೇನೇ ಹೋಗು."

"ನಿಮ್ ಜೊತೇನೇ ಬರ್ತೀನಿ ಅಕ್ಕ."

"ಬೇಡ, ನಂಗೆ ಬೇರೆ ಕಡೆ ಹೋಗೋದೈತೆ."

ಮರುದಿನ ಬೆಳಿಗ್ಗೆ ಆ ಫ್ಯಾಕ್ಟರಿಯ ಮ್ಯಾನೇಜರ್ ಹೆಚ್ಚೇನೂ ಕೇಳದೆ ಒಂದು ಷರಟು ಕೈಗೆ ಕೊಟ್ಟರು. ಕಂಕುಳ ಹತ್ತಿರ ಬಿಟ್ಟುಹೋಗಿದ್ದ ಹೊಲಿಗೆಯನ್ನು ಅವಳು ತಕ್ಷಣ ತೋರಿಸಿದಳು.

"ಇವತ್ತಿಂದಾನೇ ಶುರು ಮಾಡಿ" ಎಂದರು.

ಸುಗುಣಾ ಕೈ ಮುಗಿದಳು. "ಸಾರ್, ಮುಬೀನಕ್ಕ ಎಲ್ಲಿರ್ತಾರೆ? ಮೊದಲು ಅವರಿಗೆ ಹೇಳ್ಬೇಕು."

ಮ್ಯಾನೇಜರ್ ಅವಳನ್ನೇ ನೋಡಿದರು.

"ಅವರ ಜಾಗಕ್ಕೇ ಅಲ್ವೇನಮ್ಮ ನಿಮ್ಮನ್ನ ತಗೊಂಡಿದ್ದು? ಕಣ್ಣು ಮಂಜಾಗಿದೆ ಅಂತ ನಿನ್ನೆ ಬಿಡಿಸಿದ್ವಿ. ಹೋಗೋವಾಗ ನಿಮ್ಮ ಹೆಸರು ಅವರೇ ಹೇಳಿ ಹೋದ್ರು."