ಅಂಗಳಕ್ಕೆ ಹೋದ ದನಿ

"ಹಾಲ್‌ಗೆ ಬಿಡಬೇಡ. ನನ್ನ ಕಾಲ ಹತ್ತಿರ ಇರೋ ಸ್ಪೀಕರ್ ಪೆಟ್ಟಿಗೆಯಲ್ಲಿ ಮಾತ್ರ ಕೇಳಲಿ," ಎಂದು ಮೈಕಿನ ಮುಂದೆ ಕುಳಿತಿದ್ದ ತಂದೆ ಮೂರನೆಯ ಸಲ ಹೇಳಿದರು.

ಪ್ರಾರ್ಥನಾ ಮಂದಿರದ ಕೊನೆಯ ಸಾಲಿನ ಹಿಂದೆ, ಹೊಸ ಡಿಜಿಟಲ್ ಸೌಂಡ್ ಮಿಕ್ಸರಿನ ಮುಂದೆ ಮಗಳು ನಿಂತಿದ್ದಳು. "ಆಯ್ತಪ್ಪಾ. ಬಾಗಿಲೂ ಹಾಕಿದ್ದೀನಿ. ಹಾಡಿ."

"ಹಳೇದರಲ್ಲಿ ಒಂದು ವೈರು ಕಿತ್ತರೆ ಮುಗೀತಿತ್ತು. ಇದರೊಳಗೆ ದನಿ ಎಲ್ಲಿಂದ ಎಲ್ಲಿಗೆ ಹೋಗುತ್ತೋ ದೇವರಿಗೇ ಗೊತ್ತು."

"ದೇವರಿಗೂ ಗೊತ್ತು, ನನಗೂ ಗೊತ್ತು."

"ಅವನ ಸಮಕ್ಕೆ ಬಂದುಬಿಟ್ಟೆಯಾ!" ಎಂದು ನಕ್ಕವರು ಮರುಗಳಿಗೆಯೇ ಗಂಭೀರರಾದರು. "ನೋಡು, ಇದೊಂದೇ ಸಲ. ದನಿ ಏಳಲಿಲ್ಲ ಅಂದ್ರೆ ಸಂಜೆ ಪ್ರಾರ್ಥನೆಗೆ ಬೇರೆಯವರನ್ನ ಕರೆಸು. ಆಮೇಲೆ ನನ್ನನ್ನ ಈ ಕುರ್ಚಿಗೆ ಎಳೀಬಾರದು."

ಅವರು ಹಾಡಿದ ಪ್ರತಿ ಸಾಲನ್ನೂ ಪಕ್ಕದಲ್ಲಿ ಕುಳಿತು ಮರಳಿ ಹಾಡುತ್ತಿದ್ದವರು ಅವರ ಹೆಂಡತಿ. ಆಕೆ ತೀರಿಕೊಂಡು ಎಂಟು ತಿಂಗಳಾಗಿತ್ತು; ಅಂದಿನಿಂದ ಅವರು ಹಾಡಿರಲಿಲ್ಲ. ದೇವರ ಮೇಲೆ ಸಿಟ್ಟಿಲ್ಲ, ಗಂಟಲು ಒಪ್ಪುತ್ತಿಲ್ಲ ಅಷ್ಟೆ ಎಂದು ಅವರು ಕೇಳಿದವರಿಗೆಲ್ಲ ಹೇಳುತ್ತಿದ್ದರು.

ಮಗಳು ಆ ಮೈಕಿನ ದನಿ ಏರಿಳಿಸುವ ಫೇಡರನ್ನು ಪೂರ್ತಿ ಕೆಳಕ್ಕೆ ಎಳೆದಳು. ಹಾಲ್‌ಗೆ ಹೋಗುವ ದನಿ ಅದನ್ನು ದಾಟಿಯೇ ಹೋಗಬೇಕು, ಅದು ನಿಂತಿತು. ಕಾಲಬಳಿಯ ಪೆಟ್ಟಿಗೆಯ ದಾರಿ ಫೇಡರಿಗಿಂತ ಮೊದಲೇ ಕವಲೊಡೆದಿತ್ತು; ಅದು ಉಳಿಯಿತು.

ತಂದೆ ಕಣ್ಣು ಮುಚ್ಚಿ ಮೊದಲ ಸಾಲು ಹಾಡಿದರು. ದನಿ ನಡುಗಿತು, ಒಡೆಯಿತು, ಆದರೂ ಸಾಲು ಮುಗಿಯಿತು. ನಲವತ್ತು ವರ್ಷದ ಅಭ್ಯಾಸ. ಮರಳಿ ಬರುವ ಸಾಲಿಗೆ ಕಾಯುವಂತೆ ಅಲ್ಲಿ ತಾವಾಗಿಯೇ ಹಾಡು ನಿಲ್ಲಿಸಿದರು. ಖಾಲಿ ಹಾಲ್ ಸುಮ್ಮನಿತ್ತು.

ಆಗ ಮುಚ್ಚಿದ ಬಾಗಿಲಿನ ಆಚೆಯಿಂದ ಅದೇ ಸಾಲು ಕೇಳಿಬಂತು. ಸಂಜೆಗೆಂದು ಅಂಗಳದಲ್ಲಿ ಕುರ್ಚಿ ಹಾಕುತ್ತಿದ್ದ ಹೆಂಗಸರು ಹಾಡುತ್ತಿದ್ದರು.

ತಂದೆ ಬೆಚ್ಚಿ ಕಣ್ಣು ತೆರೆದರು. ಮಗಳು ಮಿಕ್ಸರಿನತ್ತ ಬಗ್ಗಿ ನೋಡಿದಳು. ಹಾಲ್‌ನಲ್ಲಿ ಏರಿಸಿ ಇಳಿಸಿದಾಗಲೆಲ್ಲ ಹೊರಗೂ ದನಿ ಏರಿಳಿಯುತ್ತದೆ ಎಂದು ಜನ ದೂರಿದ್ದರಿಂದ, ಹೋದ ವಾರ ಅವಳೇ ಅಂಗಳದ ಸ್ಪೀಕರಿನ ದಾರಿಯನ್ನೂ ಫೇಡರಿಗಿಂತ ಮೊದಲಿಗೆ ತಿರುಗಿಸಿದ್ದಳು. ಅದು ಮರೆತೇಹೋಗಿತ್ತು.

"ಅಪ್ಪಾ, ತಪ್ಪಾಯ್ತು. ಅಂಗಳದವರಿಗೆ ಕೇಳಿಸಿಬಿಟ್ಟಿದೆ. ಈಗಲೇ ಮುಚ್ತೀನಿ."

ಅವರು ತಡೆ ಎನ್ನುವಂತೆ ಕೈ ಎತ್ತಿದರು. ಎರಡನೆಯ ಸಾಲು ಹಾಡಿ ನಿಂತರು. ಹೊರಗೆ ಕುರ್ಚಿ ಎಳೆಯುವ ಸದ್ದು ಅಡಗಿತು. ಈ ಸಲ ಇನ್ನೂ ನಾಲ್ಕು ದನಿ ಸೇರಿ ಸಾಲು ಮರಳಿ ಬಂತು. ಅವರು ಕಿವಿಗೆ ಅಂಗೈ ಹಿಡಿದು ಕೊನೆಯವರೆಗೂ ಕೇಳಿದರು. ಹುಬ್ಬು ಗಂಟಿಕ್ಕಿತು.

"ಮುಚ್ಚಲಾ ಅಪ್ಪಾ?"

"ಬೇಡ. ಬಾಗಿಲು ತೆಗೆದು ಅವರನ್ನ ಒಳಗೆ ಕರಿ." ಅವರು ಕಣ್ಣೊರೆಸಿಕೊಂಡು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು. "ಸಾಲಿನ ನಡುವೆ ಉಸಿರು ತಗೋತಿದ್ದಾರೆ. ನಿಮ್ಮಮ್ಮ ಅಲ್ಲಿ ಯಾವತ್ತೂ ಉಸಿರು ತಗೊಂಡವಳಲ್ಲ. ಸಂಜೆಯೊಳಗೆ ಕಲಿಸಬೇಕು."