ಛೇರ್ಮನ್ ಕೆರೆಯ ಬಾಂದುಕಲ್ಲು

ನಿಮ್ಮ ಹೆಸರಿಗೆ ಕೆಟ್ಟ ಮಾತು ಬರದ ಹಾಗೆ ನೋಡಿಕೊಳ್ಳುತ್ತೇನೆ ಎಂದು ಗೌರೀಶಂಕರ ಅಪ್ಪನಿಗೆ ಮಾತು ಕೊಟ್ಟಿದ್ದ. ಬಹಳ ವರ್ಷಗಳ ಹಿಂದಿನ ಮಾತದು. ಹಾಸಿಗೆ ಹಿಡಿದಿದ್ದ ಅಪ್ಪ ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿಸಿ, ಮಗನ ಕೈಗಳನ್ನು ಬಿಗಿಯಾಗಿ ಹಿಡಿದು ಮಾತು ತೆಗೆದುಕೊಂಡಿದ್ದರು.

ಅದೇ ಕೈಗಳು ಈಗ ಕೆರೆಯ ಎಲ್ಲೆ ಗುರುತಿಸುವ ಬಾಂದುಕಲ್ಲನ್ನು ತಬ್ಬಿಕೊಂಡಿದ್ದವು. ಹಾರೆ ಪಕ್ಕದಲ್ಲಿ ಬಿದ್ದಿತ್ತು. ಮಂಜು ಹರಿಯುವ ಹೊತ್ತಿಗೆ ದೂರದ ಏರಿಯ ಮೇಲೆ ಯಾರೋ ಕೆಮ್ಮಿದರು. ತಲೆಯೆತ್ತಿದರೆ ತಮ್ಮಯ್ಯ.

ತಮ್ಮಯ್ಯ ಆ ಕೆರೆಯ ನೀರುಗಂಟಿ. ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚುವವನು. ಅವನು ಏನೂ ಕೇಳಲಿಲ್ಲ. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ನೇರ ಪಂಚಾಯ್ತಿ ಆಫೀಸಿನ ದಾರಿ ಹಿಡಿದ.

ಹಳೇಕೋಟೆ ಹೋಬಳಿಯ ಆ ಊರಿನಲ್ಲಿ ಕೆರೆಯ ಹಳೆಯ ಹೆಸರು ಯಾರಿಗೂ ನೆನಪಿಲ್ಲ. ಎಲ್ಲರಿಗೂ ಅದು ಛೇರ್ಮನ್ ಕೆರೆ. ಗೌರೀಶಂಕರನ ಅಪ್ಪ ಗುರುಶಾಂತಪ್ಪನವರು ಛೇರ್ಮನ್ ಆಗಿದ್ದಾಗ ಹೂಳು ತೆಗೆಸಿ ಏರಿ ಎತ್ತರಿಸಿದ್ದರು. ಪಂಚಾಯ್ತಿ ಆಫೀಸಿನ ಗೋಡೆಯ ಮೇಲೆ ಅವರ ಫೋಟೋ ಇದೆ. ಅದರ ಹಾರ ಬಾಡಲು ಯಾರೂ ಬಿಡುವುದಿಲ್ಲ.

ಅಂಥ ಕೆರೆ ಈಗ ಸೊರಗಿತ್ತು. ಕೊನೆಯ ಗದ್ದೆಗಳಿಗೆ ನೀರು ಮುಟ್ಟುತ್ತಿರಲಿಲ್ಲ. ಅಧ್ಯಕ್ಷೆ ಪ್ರೇಮಕುಮಾರಿ ಹೊಳೆನರಸೀಪುರಕ್ಕೆ ಅಲೆದು ಅಲೆದು ಕೆರೆಯ ಹದ್ದುಬಸ್ತಿಗೆ ಸರ್ವೆಯರನ್ನು ಗೊತ್ತುಮಾಡಿದ್ದರು. ಅಳೆಸುವುದು, ಒತ್ತುವರಿ ಬಿಡಿಸುವುದು, ಸುತ್ತ ಟ್ರೆಂಚ್ ಹೊಡೆಸುವುದು ಎಂದು ತೀರ್ಮಾನವಾಗಿತ್ತು.

ಆ ಸುದ್ದಿ ಕೇಳಿದಂದಿನಿಂದ ಗೌರೀಶಂಕರನ ಗಂಟಲಲ್ಲಿ ಅನ್ನ ಇಳಿದಿರಲಿಲ್ಲ. ಕೆರೆಗೆ ಅಂಟಿಕೊಂಡ ಹೊಲ ಅವನದು. ಅಪ್ಪ ಹೋದ ಮೇಲೆ ಕೆರೆಯ ಕಡೆಯ ಅಂಚಿಗೆ ಅವನು ನೇಗಿಲು ತಾಗಿಸಿರಲಿಲ್ಲ. ಅಲ್ಲಿ ಆಳೆತ್ತರ ಜಾಲಿ ಬೆಳೆದಿತ್ತು. ಸೋಂಬೇರಿ ಎಂದು ಊರು ಆಡಿಕೊಳ್ಳುತ್ತಿತ್ತು. ಈಗ ಅದೇ ಜಾಲಿ ಮರೆಯಲ್ಲಿ ಕಲ್ಲು ನಿಂತಿತ್ತು, ಬುಡದಲ್ಲಿ ಹಸಿ ಮಣ್ಣು. ಸರ್ವೆ ಮುಗಿಯುವ ತನಕ ಅದನ್ನು ಯಾರೂ ಮುಟ್ಟಕೂಡದೆಂದು ಪಂಚಾಯ್ತಿಯಿಂದ ಅಪ್ಪಣೆಯಾಯಿತು.

ಗ್ರಾಮಸಭೆಯಲ್ಲಿ ಅವನನ್ನು ಎದ್ದು ನಿಲ್ಲಿಸಿದರು.

"ಶಂಕರಣ್ಣ, ನಿಮ್ಮಪ್ಪಾರ ಫೋಟೋ ಮುಂದೆ ಕೇಳ್ತಾ ಇದೀನಿ. ಕಲ್ಲು ಕಿತ್ತಿದ್ದು ನಿಜವಾ?" ಎಂದರು ಪ್ರೇಮಕುಮಾರಿ.

"ನಿಜ."

ಯಾಕೆಂದು ಕೇಳಿದ್ದಕ್ಕೆ ಅವನು ನೆಲ ನೋಡಿದ. ಕಲ್ಲನ್ನ ತಬ್ಕಂಡಿದ್ದಂಗೆ ಎಂಡ್ರುನ್ನೂ ತಬ್ಕಂಡಿರಾಕಿಲ್ಲ ಎಂದು ಹಿಂದಿನಿಂದ ಒಬ್ಬ ಅಂದ. ಸಭೆ ನಕ್ಕಿತು. ತಮ್ಮಯ್ಯ ಮಾತ್ರ ನಗಲಿಲ್ಲ.

"ಅಪ್ಪ ಕೆರೆ ಉಳಿಸ್ದ, ಮಗ ಕೆರೆ ನುಂಗ್ದ. ಒಂದೇ ಮನೆ ಅನ್ನ ಉಂಡೋರಾ ಇವ್ರು?" ಎಂದ ಅವನು.

ಗೌರೀಶಂಕರನ ನಾಲಿಗೆಯ ತುದಿಗೆ ಏನೋ ಬಂತು. ಕಣ್ಣು ಗೋಡೆಯ ಫೋಟೋದತ್ತ ಹೋಯಿತು. ಬಂದ ಮಾತನ್ನು ನುಂಗಿಕೊಂಡ. ತಹಶೀಲ್ದಾರರಿಗೆ ದೂರು ಕೊಡುವುದೆಂದು ಸಭೆ ಒಪ್ಪಿತು.

ಮನೆಯಲ್ಲಿ ಮಗಳು ಮಾನ್ಯ ಕಾದಿದ್ದಳು. ದಿನಾ ಹಾಸನದ ಕಾಲೇಜಿಗೆ ಓಡಾಡುವ ಹುಡುಗಿ; ಸುದ್ದಿ ಬಸ್ಸಿನಲ್ಲೇ ಅವಳ ಕಿವಿಗೆ ಬಿದ್ದಿತ್ತು.

"ಅಪ್ಪಾಜಿ, ಛೇರ್ಮನ್ನರ ಮೊಮ್ಮಗಳು ಅಂದ್ರೆ ಸೀಟು ಬಿಡ್ತಿದ್ರು. ಇವತ್ತು ನಾನು ಯಾರ ಮಗಳು ಅಂತ ಹೇಳಕ್ಕೇ ನಾಚಿಕೆ ಆಯ್ತು."

ಅವನು ಕೈಕಾಲು ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದವನು ಬಹಳ ಹೊತ್ತು ಒಳಗೆ ಬರಲಿಲ್ಲ.

ಸರ್ವೆಯರ್ ಬಂದ ದಿನ ಕೆರೆಯಂಗಳದಲ್ಲಿ ಅರ್ಧ ಊರು ಸೇರಿತ್ತು. ಮಾನ್ಯಳೂ ಬಂದು ದೂರ ನಿಂತಿದ್ದಳು. ಸರ್ವೆಯರ್ ಜಾಲಿ ಸವರಿಸಿ, ಕಲ್ಲಿನ ಹತ್ತಿರ ಮೆಷಿನ್ ನಿಲ್ಲಿಸಿ, ನಕ್ಷೆ ನೋಡಿದ. ಮತ್ತೊಮ್ಮೆ ನೋಡಿದ.

"ಕಲ್ಲು ಸರಿಯಾಗೇ ಇದೆಯಲ್ಲ ಮೇಡಂ. ನಕ್ಷೆ ಪ್ರಕಾರ ಇದರ ಜಾಗ ಇದೇ."

ತಮ್ಮಯ್ಯ ನಂಬಲಿಲ್ಲ. ಇನ್ನೊಂದು ಸಲ ಅಳೆಸಿದ. ಆಮೇಲೆ ತಾನೇ ಕೆರೆಯೊಳಕ್ಕೆ ಇಳಿದು ಕೋಲಿನಿಂದ ನೆಲ ಚುಚ್ಚುತ್ತ ಹೋದ. ಕಲ್ಲಿನಿಂದ ಬಹಳ ದೂರ, ನೀರಿನ ಅಂಚಿನಲ್ಲಿ, ಕೋಲು ಮೆತ್ತಗೆ ಇಳಿಯಿತು. ಹೊಸದಾಗಿ ಮುಚ್ಚಿದ ಗುಂಡಿ. ಕಲ್ಲಿನ ಮೊದಲ ಜಾಗ.

ಆ ಗುಂಡಿಗೂ ಈ ಕಲ್ಲಿಗೂ ನಡುವೆ ಹಬ್ಬಿತ್ತು ಗೌರೀಶಂಕರ ಉಳದೆ ಬಿಟ್ಟ ಜಾಲಿ ನೆಲ. ಅವನು ಕಲ್ಲನ್ನು ಸರಿಸಿದ್ದು ತನ್ನ ಹೊಲದ ಕಡೆಗೆ. ಕಿತ್ತ ಕಲ್ಲು ಯಾವ ಕಡೆಗೆ ಹೋಯಿತೆಂದು ಇಡೀ ಸಭೆಯಲ್ಲಿ ಒಬ್ಬರೂ ಕೇಳಿರಲಿಲ್ಲ.

ಪ್ರೇಮಕುಮಾರಿ ಸೆರಗಿನಿಂದ ಮುಖ ಒರೆಸಿಕೊಂಡರು. ಬೆವರೇನೂ ಇರಲಿಲ್ಲ. ತಮ್ಮಯ್ಯ ಹೆಗಲ ಮೇಲಿನ ಟವೆಲ್ಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಜಾಗ ಬಿಟ್ಕೊಟ್ಟು ಬೈಸ್ಕಂಡ್ಯಲ್ಲ ಶಂಕ್ರಣ್ಣ. ಒಂದ್ಮಾತು ಏಳಕ್ಕೆ ಏನಾಗಿತ್ತು?"

ಮಾನ್ಯ ಬಂದು ಅಪ್ಪನ ಕೈ ಹಿಡಿದುಕೊಂಡಳು. ಬಹಳ ದಿನಗಳ ಮೇಲೆ ಅವನು ಪೂರ್ತಿ ಉಸಿರು ಬಿಟ್ಟ.

ಆದರೆ ಪ್ರೇಮಕುಮಾರಿ ಇನ್ನೂ ಆ ಗುಂಡಿಯನ್ನೇ ನೋಡುತ್ತಿದ್ದರು. ಅಧ್ಯಕ್ಷೆಯಾಗಿ ಕೇಳದೆ ಬಿಡುವಂತಿರಲಿಲ್ಲ.

"ಅಂದ್ರೆ ಇಷ್ಟು ವರ್ಷ ಕಲ್ಲು ಕೆರೆ ಒಳಗಿತ್ತು. ಅಲ್ಲಿಗೆ ತಂದು ನೆಟ್ಟೋರು ಯಾರು?"

ಜನ ಒಬ್ಬೊಬ್ಬರಾಗಿ ಏರಿಯ ಕಡೆ, ಗುರುಶಾಂತಪ್ಪನವರ ಹೆಸರು ಕೆತ್ತಿಸಿ ನಿಲ್ಲಿಸಿದ್ದ ಫಲಕದ ಕಡೆ ತಿರುಗತೊಡಗಿದರು. ತಮ್ಮಯ್ಯನ ತುಟಿ ಅಲುಗಿತು.

"ನಾನೇ," ಎಂದ ಗೌರೀಶಂಕರ. "ವಯಸ್ಸಲ್ಲಿ ಆಸೆಬುರುಕ ಬುದ್ಧಿ. ಅಪ್ಪಂಗೆ ತಿಳೀದಂಗೆ ಕೆರೆ ಒಳಕ್ಕೆ ತಳ್ದೆ. ಈಗ ಸರ್ವೆ ಅಂದ ತಕ್ಷಣ ಎದರಿಕೆ ಆಯ್ತು, ವಾಪಸ್ ನೆಟ್ಟೆ."

ಜನ ಏರಿಯ ಕಡೆಯಿಂದ ಮುಖ ತಿರುಗಿಸಿದರು. ಯಾರೋ ಥೂ ಎಂದರು. ತಮ್ಮಯ್ಯ ಟವೆಲ್ಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡ. ಮಾನ್ಯಳ ಕೈ ಮೆಲ್ಲಗೆ ಸಡಿಲವಾಗಿ ಜಾರಿತು.

ಆ ಕಲ್ಲು ಕೆರೆಯೊಳಕ್ಕೆ ಹೋದಾಗ ಗೌರೀಶಂಕರ ಇನ್ನೂ ತೊಟ್ಟಿಲಲ್ಲಿದ್ದ. ಅಪ್ಪನಿಗೆ ಕೊಟ್ಟ ಮಾತು ಉಳಿಯಿತು.